ಹಾಡು ಬೀಳದ ಊರಿನಲ್ಲಿ ಎರಡು ದಿನ

ತಗಡಿನ ಸಭಾಂಗಣ

ಆ ಮಧ್ಯಾಹ್ನ ತಗಡು ಹೊದಿಸಿದ ಸಭಾಂಗಣದಲ್ಲಿ ಇಪ್ಪತ್ತು ಮಂದಿ ಇದ್ದಿರಬಹುದು. ಗೋಡೆಗೆ ಒರಗಿ ಕಾಲು ಚಾಚಿಕೊಂಡ ಊರಿನ ಹೆಂಗಸರು, ಬಿಳಿ ಹಲಗೆಯ ಪಕ್ಕದಲ್ಲಿ ಪಟ್ಟಣದಿಂದ ಬಂದ ತರಬೇತಿಯ ಯಜಮಾನರು, ಕಿಟಕಿಯ ಬಳಿ ನರ್ಸ್ ಸರೋಜ, ಅವಳ ಎಡಬಲಕ್ಕೆ ಕೋಲಾರದ ಕಡೆಯಿಂದ ಹೋದ ನಾವಿಬ್ಬರು, ನಾನು ಮತ್ತು ಮುನಿರತ್ನ. ಎಲ್ಲರಿಗಿಂತ ಹಿಂದೆ, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಅರ್ಧ ಒಳಗೆ ಅರ್ಧ ಹೊರಗೆ ಅನ್ನುವ ಹಾಗೆ ಒಬ್ಬ ಮುದುಕಿ ಕೂತಿದ್ದಳು. ಅವಳ ಹೆಸರು ಇತಾಮ್ ಅಂತ ಆಮೇಲೆ ತಿಳಿಯಿತು. ನಾವು ಇತಾಮಜ್ಜಿ ಅಂದೆವು. ಅಜ್ಜಿ ಅನ್ನದೆ ಬರೀ ಹೆಸರು ಹಿಡಿದು ಕರೆಯಲು ನಮ್ಮ ನಾಲಿಗೆ ಒಪ್ಪಲಿಲ್ಲ.

ಇದು ಮಲೇಷ್ಯಾದ ಪೆರಾಕ್ ಸೀಮೆಯ ಬೆಟ್ಟಗಳ ನಡುವಿನ ಊರು. ಊರಿನವರು ತೆಮಿಯಾರ್ ಅನ್ನುವ ಕಾಡಿನ ಜನ. ಹಿಂದೆ ಕೆಳಗಿನ ಕಣಿವೆಯಲ್ಲಿ ಹೊಳೆಯ ದಂಡೆಗೆ ಇದ್ದರು. ಅಣೆಕಟ್ಟೆ ಬಂತು, ಕಣಿವೆ ತುಂಬಿತು, ಇವರನ್ನು ಮೇಲೆ ರಸ್ತೆಯ ಪಕ್ಕ ಸಾಲುಮನೆಗಳಿಗೆ ತಂದು ಇಳಿಸಿದರು. ನಮ್ಮನ್ನು ಕಳಿಸಿದ್ದು ನಮ್ಮ ಮಹಿಳಾ ಒಕ್ಕೂಟ. ನಾನು ಹೋಳೂರಿನ ಹತ್ತಿರದ ಹಳ್ಳಿಯಲ್ಲಿ ಬಹಳ ವರ್ಷ ಅಂಗನವಾಡಿ ನಡೆಸಿದವಳು. ಮುನಿರತ್ನ ಮುಳಬಾಗಿಲಿನಾಚೆ, ಆಂಧ್ರದ ಕೋಳಿ ಕೂಗಿದರೆ ಎದ್ದು ಕೂರುವಷ್ಟು ಗಡಿಗೆ ಹತ್ತಿರದವಳು. ರೇಷ್ಮೆ ಹುಳ ಸಾಕುತ್ತಾಳೆ. ಬೇರೆ ಬೇರೆ ದೇಶದ ಹಳ್ಳಿ ಹೆಂಗಸರು ಸೇರುವ ಒಂದು ಕೂಟಕ್ಕೆ ನಾವು ಬಂದದ್ದು. ಈ ಊರು ನೋಡುವುದು ಅದರಲ್ಲಿ ಒಂದು ದಿನದ ಕೆಲಸ.

ಭಾಷೆಯ ದಾರಿ ಹೀಗಿತ್ತು. ಇತಾಮಜ್ಜಿಯ ಮಾತು ಸರೋಜಳಿಗೆ ಬರುತ್ತಿತ್ತು, ಆ ಕಡೆಯ ಸಂಚಾರಿ ದವಾಖಾನೆಯಲ್ಲೇ ಅವಳ ತಲೆಗೂದಲು ನೆರೆತಿದೆ. ಸರೋಜಳ ಮುತ್ತಾತಂದಿರು ರಬ್ಬರ್ ತೋಟದ ಕೂಲಿಗೆ ಹಡಗು ಹತ್ತಿದ ತೆಲುಗರು. ಅವಳ ತೆಲುಗು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಮದುವೆ ಸೀರೆಯ ಹಾಗೆ, ಹಳೆಯದು, ಮಡಿಕೆ ಬಿದ್ದದ್ದು. ಮುನಿರತ್ನ ಅದನ್ನು ಕೇಳಿ ಮೊದಲ ದಿನವೇ, "ಅಕ್ಕಾ, ಈಯಮ್ಮ ನಮ್ಮ ಅವ್ವನ ಅವ್ವ ಮಾತಾಡ್ದಂಗೆ ಮಾತಾಡ್ತಾಳೆ ಕಣೇ" ಅಂದಿದ್ದಳು. ತೆಮಿಯಾರಿನಿಂದ ತೆಲುಗಿಗೆ, ತೆಲುಗಿನಿಂದ ನನ್ನ ಕಿವಿಗೆ. ಅಲ್ಲಿಂದ ಮುಂದೆ ಇತಾಮಜ್ಜಿ ನನ್ನ ನೆನಪಿನಲ್ಲಿ ನಮ್ಮ ಕಡೆಯ ಕನ್ನಡವನ್ನೇ ಆಡುತ್ತಾಳೆ. ಇಲ್ಲೂ ಹಾಗೆಯೇ ಬರೆಯುತ್ತೇನೆ.

ಯಜಮಾನರು ಎಲ್ಲರಿಗೂ ಒಂದೊಂದು ಬಣ್ಣದ ಕಾರ್ಡು ಕೊಟ್ಟರು. ಸಬಲೀಕರಣ ಅಂದರೆ ನಿಮಗೇನು, ಈ ಊರಿಗೆ ಬಂದ ಮೇಲೆ ನಿಮಗೆ ಯಾವುದರಿಂದ ಬಲ ಬಂತು, ಬರೆಯಿರಿ ಅಥವಾ ಹೇಳಿರಿ ಅಂದರು. ನನಗೆ ನಗು ಬಂತು. ಅದೇ ಕಾರ್ಡು, ಅದೇ ಸ್ಕೆಚ್ ಪೆನ್ನು, ತಟ್ಟೆಯಲ್ಲಿ ಅದೇ ಬಿಸ್ಕತ್ತು. ಕೋಲಾರದಲ್ಲಿ ಇಂಥ ಎಷ್ಟು ತರಬೇತಿಗಳಲ್ಲಿ ಕೂತಿದ್ದೇನೋ. ಹೆಂಗಸರು ಒಬ್ಬೊಬ್ಬರಾಗಿ ಹೇಳಿದರು, ನಲ್ಲಿ, ಕರೆಂಟು, ಹತ್ತಿರದ ಶಾಲೆ. ಬುಸು ಅನ್ನುವ ಹುಡುಗಿಯನ್ನು ಯಜಮಾನರು ಎಬ್ಬಿಸಿ ನಿಲ್ಲಿಸಿದರು. ಇತಾಮಜ್ಜಿಯ ಮೊಮ್ಮಗನ ಹೆಂಡತಿ ಅವಳು, ಬೇರೆ ಹೊಳೆಯ ಕಡೆಯಿಂದ ಬಂದವಳು. ಹೊಲಿಗೆ ಯಂತ್ರ ಪಡೆದು ಹತ್ತಾರು ಮನೆಗೆ ಬಟ್ಟೆ ಹೊಲಿಯುತ್ತಾಳೆ. "ಬಲ ಅಂದರೆ ಇದು" ಅಂತ ಯಜಮಾನರು ಅವಳನ್ನು ತೋರಿಸಿದರು. ಬುಸು ತನ್ನ ಹೆಬ್ಬೆರಳು ನೋಡುತ್ತ ನಿಂತಿದ್ದಳು.

ಅತಿಥಿಗಳೂ ಹೇಳಬೇಕು ಅಂದಾಗ ಮುನಿರತ್ನ ಎದ್ದಳು. "ಮೊದ್ಲು ನಾನು ಬೀದಿ ದಾಟಿದ್ರೂ ಎಲ್ಲಿಗೆ ಅಂತ ಕೇಳೋರು. ಈಗ ಸಂಘದ ಮೀಟಿಂಗು ಅಂದ್ರೆ ಯಾರೂ ಕೇಳಲ್ಲ. ಮೀಟಿಂಗು ಇಲ್ದೆ ಇದ್ರೂ ಮೀಟಿಂಗು ಅಂತೀನಿ." ಸರೋಜ ಅದನ್ನು ದಾಟಿಸಿದಾಗ ಇಡೀ ಸಭಾಂಗಣ ನಕ್ಕಿತು. ಬುಸುವೂ ನಕ್ಕಳು.

ಕಡೆಗೆ ಬಾಗಿಲಲ್ಲಿದ್ದ ಮುದುಕಿ ತಾನಾಗಿಯೇ ಮಾತಾಡಿದಳು. "ನಲ್ಲಿ ಬಂತು, ಸರಿ. ಇಲ್ಲಿಗೆ ಬಂದು ಏಳು ಮಳೆಗಾಲ ಆಯ್ತು. ಇನ್ನೂ ಒಂದು ಹಾಡು ಬಿದ್ದಿಲ್ಲ."

ಯಜಮಾನರು ತಲೆಯಾಡಿಸಿ ಹಸಿರು ಕಾರ್ಡಿನ ಮೇಲೆ ಏನೋ ಬರೆದು ಹಲಗೆಗೆ ಅಂಟಿಸಿದರು. ಏನು ಬರೆದರು ಅಂತ ಸರೋಜಳನ್ನು ಕೇಳಿದೆ. ಅವಳು ಓದಿ ಹೇಳಿದಳು, "ಸಂಗೀತದ ಸಲಕರಣೆ ಬೇಕು."

ನಾಳೆ ಅಂದದ್ದರ ಫಲ

ಹೊರಡುವಾಗ ಇತಾಮಜ್ಜಿ ನಮ್ಮನ್ನು ತಡೆದಳು. ಮರಗೆಣಸು ಸುಟ್ಟಿದ್ದೇನೆ, ಉಂಡು ಹೋಗಿ ಅಂದಳು. ಊರು ಸುತ್ತಲು ಹೋಗಿದ್ದ ಕೂಟದ ಉಳಿದವರು ವ್ಯಾನಿನಲ್ಲಿ ಕಾಯುತ್ತಿದ್ದರು. ಮುನಿರತ್ನ ನಮ್ಮೂರ ಬಾಗಿಲಲ್ಲಿ ನಿಂತು ಹೇಳುವಷ್ಟೇ ಸರಾಗವಾಗಿ, "ಇವತ್ತು ಬೇಡಮ್ಮ, ನಾಳೆ ಬಂದು ಉಣ್ತೀವಿ" ಅಂದುಬಿಟ್ಟಳು. ಸರೋಜ ಅದನ್ನು ಅಕ್ಷರ ಬಿಡದೆ ದಾಟಿಸಿದಳು. ಮುದುಕಿ ಹೂಂ ಅಂದು ಒಳಗೆ ಹೋದಳು.

ವ್ಯಾನು ಎರಡು ತಿರುವು ಇಳಿದ ಮೇಲೆ ಸರೋಜ ಕೇಳಿದಳು, "ನಾಳೆ ಎಷ್ಟು ಹೊತ್ತಿಗೆ ಕರಕೊಂಡು ಬರಲಿ?"

"ಎಲ್ಲಿಗಮ್ಮ? ನಾಳೆ ನಾವು ಕೌಲಾಲಂಪುರಕ್ಕೆ ಹೋಗ್ಬೇಕಲ್ಲ, ಆ ಜೋಡಿ ಗೋಪುರ ನೋಡೋಕೆ" ಅಂದಳು ಮುನಿರತ್ನ.

"ಬರ್ತೀವಿ ಅಂದಿರಲ್ಲ."

"ಅಯ್ಯೋ, ನಮ್ಮಲ್ಲಿ ನಾಳೆ ಬರ್ತೀವಿ ಅಂದ್ರೆ ಬರಲ್ಲ ಅಂತ ಕಣಮ್ಮ. ಕೊಡೋರ್ಗೂ ಗೊತ್ತು, ಬೇಡ ಅನ್ನೋರ್ಗೂ ಗೊತ್ತು."

ಸರೋಜ ನಗಲಿಲ್ಲ. ಇಲ್ಲಿ ಉಣ್ಣುವ ಆಸೆಯನ್ನಾಗಲಿ ಉಣಿಸುವ ಆಸೆಯನ್ನಾಗಲಿ ಎಬ್ಬಿಸಿ ಈಡೇರಿಸದೆ ಬಿಟ್ಟರೆ ಆಸೆಪಟ್ಟ ಮನುಷ್ಯನ ಸುತ್ತ ಕೇಡು ತಿರುಗುತ್ತದೆ, ಜರಿಹುಳ ಕಚ್ಚಬಹುದು, ಕೊಂಬೆ ಬೀಳಬಹುದು ಅಂತ ಇವರ ನಂಬಿಕೆ ಅಂದಳು. ಅಜ್ಜಿ ನಾಳೆ ಹೊಳೆಗೆ ಇಳಿಯುವುದಿಲ್ಲ, ಕಾಡಿಗೆ ಹೋಗುವುದಿಲ್ಲ, ನೀವು ಬರುವ ತನಕ ಮನೆಯಲ್ಲೇ ಕೂತಿರುತ್ತಾಳೆ.

ಆ ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು ಅಂತಲೇ ಮುನಿರತ್ನ ಶ್ರೀನಿವಾಸಪುರದ ಸಂತೆಯಲ್ಲಿ ಹೊಸ ಸೀರೆ ತೆಗೆದಿದ್ದು. ಕೊನೆಗೆ ಅಂದಳು, "ಮಾವಿನ ಹಣ್ಣು ಎದುರಿಗಿಟ್ಕೊಂಡು ಬಸ್ರಿ ಹೆಂಗ್ಸಿಗೆ ಕೊಡ್ದೆ ಇದ್ರೆ ನಮ್ಮತ್ತೆನೂ ಹಿಂಗೇ ಬೈಯ್ಯೋಳು. ನಡಿ ಅಕ್ಕ, ಗೋಪುರ ಎಲ್ಲೂ ಹೋಗಲ್ಲ."

ಬಿದಿರಿನ ಮನೆ

ಮಾರನೆಯ ದಿನ ಸರೋಜಳ ಜೀಪಿನಲ್ಲಿ ವಾಪಸು ಹೋದೆವು. ರಾತ್ರಿಯೂ ಅಲ್ಲೇ ಉಳಿಯುವುದು ಅಂತಾಯಿತು. ದಾರಿಯುದ್ದಕ್ಕೂ ಮಂಜು. ಬೆಟ್ಟಗಳು ಒಂದೊಂದಾಗಿ ಕಾಣಿಸಿ, ಯಾರೋ ಕರೆದ ಹಾಗೆ ಮತ್ತೆ ಒಳಗೆ ಹೋಗುತ್ತಿದ್ದವು. ಕೋಲಾರದ ಬಯಲಿನಲ್ಲಿ ಬೆಳೆದ ನನ್ನ ಕಣ್ಣಿಗೆ ಅಷ್ಟು ಹಸಿರು ಒಮ್ಮೆಗೇ ತಡೆಯುವುದಿಲ್ಲ. ನಿದ್ದೆಯಲ್ಲಿದ್ದೇನೋ ಎಚ್ಚರದಲ್ಲಿದ್ದೇನೋ ಅನ್ನುವ ಹಾಗೆ ಆಗುತ್ತಿತ್ತು.

ಇತಾಮಜ್ಜಿ ನಮಗಾಗಿ ಕಾಯುತ್ತ ಕೂತೇ ಇದ್ದಳು. ಸರ್ಕಾರ ಕಟ್ಟಿಕೊಟ್ಟ ಸಿಮೆಂಟ್ ಮನೆಯಲ್ಲಿ ಬುಟ್ಟಿ, ಬಲೆ, ಮೊಮ್ಮಗನ ಮೋಟರ್ ಸೈಕಲ್ಲು. ಜನ ಇರುವುದು ಅದರ ಹಿತ್ತಲಿನಲ್ಲಿ ತಾವೇ ಕಟ್ಟಿಕೊಂಡ ಬಿದಿರಿನ ಮನೆಯಲ್ಲಿ. ತಗಡಿನ ಕೆಳಗೆ ಕೂತರೆ ತಲೆ ಕಾಯುತ್ತದಂತೆ. "ಒಂದು ಲೋಡು ಮಾಲೂರು ಹೆಂಚು ತಂದು ಹಾಕ್ಬೇಕಿತ್ತು" ಅಂದಳು ಮುನಿರತ್ನ. ಸಿಮೆಂಟ್ ಮನೆಯ ಕಿಟಕಿಯಲ್ಲಿ ಬುಸು ಹೊಲಿಯುತ್ತಿದ್ದಳು. ಯಂತ್ರದ ಸದ್ದು ಒಂದೇ ಸಮ ಓಡಿ, ನಡುವೆ ಇದ್ದಕ್ಕಿದ್ದಂತೆ ನಿಂತು, ಒಂದು ಉಸಿರು ಬಿಟ್ಟು ಮತ್ತೆ ಶುರುವಾಗುತ್ತಿತ್ತು. ದಾರ ಕಡಿಯುತ್ತಿದೆ ಅಂದುಕೊಂಡೆ.

ಸುಟ್ಟ ಮರಗೆಣಸು, ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಮೀನು ಬಂತು. ಮುನಿರತ್ನ ಚೀಲ ಬಿಚ್ಚಿ ಊರಿನಿಂದ ತಂದಿದ್ದ ನವಣೆ ತಂಬಿಟ್ಟು ಇಟ್ಟಳು. ಅಜ್ಜಿ ಒಂದು ತುಣುಕನ್ನು ಬಾಯಿಗೆ ಹಾಕಿ ಅಗಿಯದೆ ಕೆನ್ನೆಯಲ್ಲಿ ಇಟ್ಟುಕೊಂಡಳು. ತಟ್ಟೆಯಲ್ಲಿ ಉದುರಿದ ಹಿಟ್ಟನ್ನು ಬೆರಳಿಂದ ಒತ್ತಿ ಮೂಸಿದಳು. ಸರೋಜಳಿಗೆ ಏನೋ ಹೇಳಿದಳು.

"ಈ ಕಾಳು ಇವರೂ ಬೆಳೀತಿದ್ದರಂತೆ" ಅಂದಳು ಸರೋಜ. "ಹೊಳೆ ಮೇಲಿನ ಇಳಿಜಾರಿನಲ್ಲಿ. ನರಿ ಬಾಲದ ಹಾಗೆ ತೆನೆ. ಇಲ್ಲಿಗೆ ಬಂದ ಮೇಲೆ ಬಿತ್ತಿಲ್ಲವಂತೆ."

"ಯಾಕೆ, ಭೂಮಿ ಸರಿಯಿಲ್ವಾ?"

"ಭೂಮಿ ಸರಿಯಾಗಿದೆ. ಇನ್ನೂ ಪರಿಚಯ ಆಗಿಲ್ಲ ಅಂತಾಳೆ."

ಆಗ ಅಜ್ಜಿ ಹಾಡಿನ ವಿಷಯ ಬಿಡಿಸಿ ಹೇಳಿದಳು. ಹಾಡನ್ನು ಯಾರೂ ಕಟ್ಟುವುದಿಲ್ಲ. ಅದು ಕನಸಿನಲ್ಲಿ ಬೀಳುತ್ತದೆ. ಗುಡ್ಡದವರೋ, ಹೊಳೆಯವರೋ, ಹಣ್ಣಿನ ಮರದವರೋ ಮನುಷ್ಯರ ರೂಪದಲ್ಲಿ ಬಂದು ಹೇಳಿಕೊಡುತ್ತಾರೆ. ಎದ್ದ ಮೇಲೆ ಅದನ್ನು ಊರಿಗೆ ಹಾಡಬೇಕು. ಹಾಡು ಬಿದ್ದವರು ಒಂದು ಸಾಲು ಹಾಡಿದರೆ ಹೆಂಗಸರು ಬಿದಿರಿನ ಕೊಳವೆಗಳನ್ನು ದಿಮ್ಮಿಯ ಮೇಲೆ ಕುಟ್ಟುತ್ತ ಅದೇ ಸಾಲನ್ನು ಹಿಂದಿನಿಂದ ಹೇಳುತ್ತಾರೆ. ನಮ್ಮಲ್ಲಿ ಸೋಬಾನೆಯನ್ನು ಒಬ್ಬರು ಎತ್ತಿದರೆ ಉಳಿದವರು ಹಿಡಿಯುವ ಹಾಗೆ. ಜ್ವರ ಬಂದವರಿಗೆ, ಹೆದರಿದ ಮಕ್ಕಳಿಗೆ ಆ ಹಾಡೇ ಮದ್ದು. ಹಾಡು ಕೊಟ್ಟ ಜಾಗ ಆ ಊರನ್ನು ಗುರುತು ಹಿಡಿದ ಹಾಗೆ.

"ನನಗೆ ಹನ್ನೊಂದು ಬಿದ್ದಿದ್ದವು" ಅಂದಳು. "ಎಲ್ಲಾ ಕೆಳಗಿನ ಹೊಳೆಯವು. ಇಲ್ಲಿ ಹಾಡಿದರೆ ಅವು ದಾರಿ ಹಿಡಿದು ನೀರಿನೊಳಕ್ಕೇ ಹೋಗ್ತವೆ. ಈ ಜಾಗದ್ದು ಒಂದು ಬೀಳಬೇಕು. ನಾನು ಸಾಯೋದರೊಳಗೆ ಬೀಳದಿದ್ದರೆ, ಈ ಮಕ್ಕಳು ಎಷ್ಟು ನಲ್ಲಿ ಇದ್ದರೂ ಕಂಡವರ ಮನೆಯಲ್ಲಿ ಇದ್ದ ಹಾಗೆ."

ಇದನ್ನು ಹೇಳುವಾಗ ಅವಳ ದನಿಯಲ್ಲಿ ದೂರು ಇರಲಿಲ್ಲ. ಮಳೆಗೆ ಕಾಯುವವರ ದನಿ ಅದು. ಆ ದನಿ ನನಗೆ ಚೆನ್ನಾಗಿ ಗೊತ್ತು.

ನೀರಿನ ಮೇಲೆ

ಸಂಜೆ ಮೊಮ್ಮಗ ದೋಣಿಯಲ್ಲಿ ನಮ್ಮನ್ನು ಅಣೆಕಟ್ಟೆಯ ನೀರಿಗೆ ಕರೆದೊಯ್ದ. ಅಜ್ಜಿ ಮುಂದೆ ಕೂತಳು. ನೀರಿನ ನಡುವೆ ಸತ್ತ ಮರಗಳು ನೆಟ್ಟಗೆ ನಿಂತಿದ್ದವು, ಎಲೆ ಇಲ್ಲ, ತೊಗಟೆ ಇಲ್ಲ, ಬೂದಿಯ ಬಣ್ಣ. ಮರದ ನೆರಳು ನೀರಿನಲ್ಲಿ ಬಿದ್ದು, ಯಾವುದು ಮರ ಯಾವುದು ನೆರಳು ಅಂತ ಬೇರೆ ಮಾಡಲಾಗುತ್ತಿರಲಿಲ್ಲ. ದೋಣಿ ಹೋದದ್ದು ಯಾರದೋ ಮನೆಗಳ ಮೇಲೆ. ಅದು ನೆನಪಾದಾಗ ನಾನು ಕಾಲುಗಳನ್ನು ಎಳೆದುಕೊಂಡೆ. ಮಲಗಿದವರನ್ನು ದಾಟಬಾರದು ಅಂತ ನಮ್ಮಜ್ಜಿ ಕಲಿಸಿದ್ದಳು.

"ಅಲ್ಲಿ ನಮ್ಮ ಮನೆ. ಅಲ್ಲಿ ನನ್ನ ಅವ್ವ ನೆಟ್ಟ ದುರಿಯನ್ ಹಣ್ಣಿನ ಮರ" ಅಂತ ಅಜ್ಜಿ ನೀರಿನ ಮೇಲೆ ಬೆರಳು ಮಾಡುತ್ತಿದ್ದಳು. ಎಲ್ಲಾ ಕಡೆ ಒಂದೇ ನೀರು. ಅವಳಿಗೆ ಮಾತ್ರ ಓಣಿಗಳಿದ್ದವು. ಒಂದು ಕಡೆ ದೋಣಿ ನಿಲ್ಲಿಸಿ ಕೈಯನ್ನು ಮಣಿಕಟ್ಟಿನವರೆಗೆ ಮುಳುಗಿಸಿ ಕೂತಳು, ಮಗುವಿನ ಜ್ವರ ನೋಡುವ ಹಾಗೆ.

ಮುನಿರತ್ನ ಮೆಲ್ಲಗೆ ಅಂದಳು, "ನಮ್ಕಡೆ ನೀರು ಹೋಯ್ತು ಅಂತ ಊರು ಬಿಡ್ತಾರೆ. ಇಲ್ಲಿ ನೀರೇ ಬಂದು ಊರು ಬಿಡಿಸೈತಲ್ಲಕ್ಕ."

ಕನಸು ಹೇಳುವ ಹೊತ್ತು

ಬೆಳಗಿನ ಜಾವ ಒಲೆಯ ಹೊಗೆಗೆ ಎಚ್ಚರವಾಯಿತು. ಮನೆಯವರೆಲ್ಲ ಕಂಬಳಿ ಹೊದ್ದು ಬೆಂಕಿಯ ಸುತ್ತ ಕೂತಿದ್ದರು. ಮುಖ ತೊಳೆಯುವ ಮೊದಲು ಕನಸು ಹೇಳುವುದು ಅಲ್ಲಿನ ರೂಢಿ. ನಮ್ಮಲ್ಲಿ ಕೆಟ್ಟ ಕನಸು ಬಿದ್ದರೆ ಮನುಷ್ಯರಿಗೆ ಹೇಳಬಾರದು, ಕೊಟ್ಟಿಗೆಯ ಹಸುವಿನ ಕಿವಿಯಲ್ಲಿ ಹೇಳಿ ಬರಬೇಕು ಅನ್ನುತ್ತಿದ್ದಳು ನಮ್ಮಜ್ಜಿ. ಇಲ್ಲಿ ಒಳ್ಳೆಯದು ಕೆಟ್ಟದ್ದು ಎಲ್ಲ ಬೆಂಕಿಯ ಮುಂದೆ.

ಅತಿಥಿಗಳು ಮೊದಲು ಅಂದರು. ನನಗೆ ಏನೂ ಬಿದ್ದಿರಲಿಲ್ಲ. ಮುನಿರತ್ನ ತಲೆ ಕೆರೆದುಕೊಂಡು, "ನಮ್ಮ ಹುಳ ಎಲ್ಲಾ ಹಣ್ಣಾಗೈತೆ, ಚಂದ್ರಿಕೆಗೆ ಬಿಡೋಕೆ ಯಾರೂ ಇಲ್ಲ. ನಮ್ಮ ಯಜಮಾನ್ರು ಕೈ ಕಟ್ಕೊಂಡು ನಿಂತವ್ರೆ. ಕನಸಲ್ಲೂ ಅಷ್ಟೇ ಅವ್ರು" ಅಂದಳು. ಹಣ್ಣಾದ, ಅಂದರೆ ಗೂಡು ಕಟ್ಟುವ ಹೊತ್ತು ಬಂದ ಹುಳವನ್ನು ಬಿಡುವ ಬಿದಿರಿನ ತಟ್ಟೆಯೇ ಚಂದ್ರಿಕೆ ಅಂತ ನಾನು ವಿವರಿಸಿದೆ.

ಇತಾಮಜ್ಜಿ ಗಂಭೀರವಾಗಿ ಕೇಳಿದಳು, "ಹುಳಗಳು ಏನಾದರೂ ಹಾಡಿದವಾ?"

"ಅವು ಸೊಪ್ಪು ತಿನ್ನೋ ಸದ್ದು ಬಿಟ್ರೆ ಇನ್ನೇನಮ್ಮ. ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂಗೆ ಇರ್ತೈತೆ. ರಾತ್ರಿಯೆಲ್ಲಾ ಅದನ್ನ ಕೇಳ್ತಾ ಮಲಗ್ತೀವಿ."

"ಮತ್ತೆ ಅದೇ ಹಾಡು" ಅಂದಳು ಅಜ್ಜಿ. "ನಿನ್ನನ್ನು ನಿನ್ನ ಜಾಗ ಬಿಟ್ಟಿಲ್ಲ."

ಮುನಿರತ್ನ ಕಂಬಳಿ ಎಳೆದುಕೊಂಡು ಬೆಂಕಿಗೆ ಇನ್ನೂ ಹತ್ತಿರ ಜರುಗಿದಳು.

ಸುತ್ತು ಮುಂದುವರಿಯಿತು. ಮೊಮ್ಮಗ ಬಲೆ ಹರಿದ ಕನಸು ಹೇಳಿದ. ಅಜ್ಜಿಗೆ ಕೆಳಗಿನ ಹೊಳೆಯ ಕನಸೇ ಮತ್ತೆ ಬಿದ್ದಿತ್ತು. ಕೊನೆಯಲ್ಲಿ ಬುಸು. "ನನಗೇನಿಲ್ಲ" ಅಂದು ಪಾತ್ರೆ ಎತ್ತಿಕೊಂಡು ಎದ್ದಳು. ದಿನವೂ ಅವಳದು ಅದೇ ಮಾತು ಅಂತ ಸರೋಜ ನನ್ನ ಕಿವಿಯಲ್ಲಿ ಹೇಳಿದಳು.

ಆಗ ನನಗೆ ನಮ್ಮವರು ಹಿಂದೆ ಬಿಟ್ಟುಬಂದ ಹಾಳು ಊರು ನೆನಪಾಯಿತು. ನಮ್ಮಜ್ಜಿಯ ಬಾಯಲ್ಲಿ ನೂರು ಸಲ ಕೇಳಿದ್ದು, ಬೆಂಕಿಯ ಮುಂದೆ ತಾನಾಗಿ ನಾಲಿಗೆಗೆ ಬಂತು.

ನಮ್ಮಜ್ಜಿ ಹುಟ್ಟುವ ಮೊದಲು ನಮ್ಮೂರಿಗೆ ಮಾರಿಬೇನೆ ಬಂದಿತ್ತಂತೆ. ಜನ ಊರು ಬಿಟ್ಟು ಕೆರೆಯಾಚೆ ಗುಡಿಸಲು ಹಾಕಿಕೊಂಡರು. ಗುಡಿಸಲು ಎದ್ದವು, ಬಾವಿ ತೋಡಿದರು, ರಾಗಿ ಬೆಳೆದರು. ಆದರೂ ಅದು ಊರಾಗಲಿಲ್ಲ, ಯಾಕೆಂದರೆ ನಡುವೆ ಬೊಡ್ರಾಯಿ ಇರಲಿಲ್ಲ. ಬೊಡ್ರಾಯಿ ಅಂದರೆ ಊರಿನ ಹೊಕ್ಕುಳ ಕಲ್ಲು. ಅದನ್ನು ಎಲ್ಲಿ ನೆಡಬೇಕು ಅಂತ ಊರಮ್ಮನೇ ಕನಸಿನಲ್ಲಿ ಬಂದು ಹೇಳಬೇಕು. ಗೌಡರು ಉಪವಾಸ ಮಲಗಿದರು, ಪೂಜಾರಿ ಮಲಗಿದ, ನನ್ನ ಮುತ್ತಜ್ಜಿಯೂ ಮಲಗಿದಳು. ಊರಮ್ಮನ ವಿಷಯದಲ್ಲಿ ಅವಳ ಮಾತಿಗೆ ಮೊದಲಿಂದ ತೂಕ ಇತ್ತಂತೆ. ಮೂರು ವರ್ಷ ಯಾರಿಗೂ ಬೀಳಲಿಲ್ಲ. ಮೂರು ವರ್ಷ ಆ ಊರಲ್ಲಿ ಒಂದು ಮದುವೆ ಆಗಲಿಲ್ಲ.

"ಕೊನೆಗೆ ಯಾರಿಗೆ ಬಿತ್ತು?" ಇತಾಮಜ್ಜಿ ಕೇಳಿದಳು.

"ಅಗಸರ ಮನೆ ಸೊಸೆಗೆ. ಮಾಲೂರಿನ ಕಡೆಯಿಂದ ಬಂದ ಹುಡುಗಿ. ಊರು ಬಿಡೋ ಮೊದಲೇ ಅವಳ ಲಗ್ನ ಆಗಿತ್ತು. ಬಿದ್ದು ಎಷ್ಟೋ ದಿನ ಆಗಿದ್ದರೂ ಅವಳು ಬಾಯಿ ಬಿಟ್ಟಿರಲಿಲ್ಲ. ಹೊರಗಿನವಳು, ನಾನು ಹೇಳಿದರೆ ಯಾರು ನಂಬ್ತಾರೆ ಅಂತ."

"ಮತ್ತೆ ಹೇಗೆ ತಿಳೀತು?"

"ನನ್ನ ಮುತ್ತಜ್ಜಿ ಗಮನಿಸಿದಳಂತೆ. ಆ ಹುಡುಗಿ ನೀರು ತರುವಾಗ ದಿನಾ ಒಂದು ಜಾಗವನ್ನು ತುಳಿಯದೆ ಬಳಸಿಕೊಂಡು ಹೋಗೋಳು. 'ಯಾಕೇ ಹುಡುಗಿ, ಅಲ್ಲೇನೈತೆ?' ಅಂತ ಕೇಳಿದಳು. ಕೊಡ ಇಳಿಸಿ ಅತ್ತುಬಿಟ್ಟಳಂತೆ ಅವಳು. ಕಲ್ಲು ನೆಟ್ಟಿದ್ದು ಅಲ್ಲೇ. ಈಗಲೂ ಇದೆ."

ಸರೋಜ ದಾಟಿಸಿ ಮುಗಿಸಿದಳು. ಇತಾಮಜ್ಜಿ ಒಂದು ಕೊಳ್ಳಿಯನ್ನು ಬೆಂಕಿಗೆ ನೂಕಿ ಕೇಳಿದಳು, "ನಿನ್ನ ಮುತ್ತಜ್ಜಿಗೆ ನೋವಾಗಲಿಲ್ಲವಾ, ತನಗೆ ಬೀಳಲಿಲ್ಲ ಅಂತ?"

"ಆಗಿರಬೇಕು" ಅಂದೆ. "ಅದನ್ನು ನಮ್ಮಜ್ಜಿ ಹೇಳಲಿಲ್ಲ."

ಆಚೆ ಸಿಮೆಂಟ್ ಮನೆಯಲ್ಲಿ ಹೊಲಿಗೆ ಯಂತ್ರ ಶುರುವಾಯಿತು. ಓಡಿತು, ನಿಂತಿತು, ಮತ್ತೆ ಓಡಿತು. ಅಜ್ಜಿ ತಲೆ ಎತ್ತಿ ಆ ಕಡೆ ನೋಡಿದಳು.

ಹೊರಡುವಾಗ ಮುನಿರತ್ನ ಪೇಚಿಗೆ ಬಿದ್ದಳು. ಹೋಗ್ತೀನಿ ಅನ್ನುವುದು ನಮ್ಮಲ್ಲಿ ಅಶುಭ. ಬರ್ತೀನಿ ಅಂದರೆ ಇಲ್ಲಿ ಈ ಮುದುಕಿ ಕಾಯುತ್ತ ಕೂರುತ್ತಾಳೆ. ಉಳಿದಿದ್ದ ತಂಬಿಟ್ಟಿನ ಡಬ್ಬಿಯನ್ನು ಅಜ್ಜಿಯ ಮಡಿಲಿಗೆ ಇಟ್ಟು, ಎರಡೂ ಕೈ ಹಿಡಿದುಕೊಂಡು ನಿಂತಳು. ನಂತರ ಸುಮ್ಮನೆ ಜೀಪು ಹತ್ತಿದೆವು.

ಆಮೇಲೆ

ಊರಿಗೆ ಬಂದು ನಾಲ್ಕೈದು ತಿಂಗಳಾಗಿತ್ತು. ಕೋಲಾರದ ಬಸ್ ನಿಲ್ದಾಣದಲ್ಲಿ ಹೋಳೂರಿನ ಬಸ್ಸಿಗೆ ಕಾಯುತ್ತಿದ್ದಾಗ ಸರೋಜಳ ಫೋನು ಬಂತು. ಪಕ್ಕದಲ್ಲಿ ಟೊಮೆಟೊ ಕ್ರೇಟು ಹೊತ್ತ ಗಾಡಿಗಳ ಗದ್ದಲ. ಒಂದು ಕಿವಿ ಮುಚ್ಚಿಕೊಂಡು ಕೇಳಿದೆ.

ಸಂಗೀತದ ಸಲಕರಣೆ ಬಂದಿತ್ತಂತೆ, ಮೈಕು ಸಮೇತ ದೊಡ್ಡದೊಂದು ಹಾಡುವ ಪೆಟ್ಟಿಗೆ. ಅಜ್ಜಿ ಅದರ ಮೇಲೆ ಮೀನು ಒಣಗಿಸುತ್ತಿದ್ದಾಳೆ.

ಆಮೇಲೆ ಸರೋಜ ಇನ್ನೊಂದು ವಿಷಯ ಹೇಳಿದಳು. ಒಂದು ಬೆಳಿಗ್ಗೆ ಇತಾಮಜ್ಜಿ ಬುಸುವನ್ನು ಕನಸು ಕೇಳಲಿಲ್ಲ. ಹೊಲಿಗೆಯ ಕಿಟಕಿಗೆ ಹೋಗಿ ನಿಂತು, "ಯಂತ್ರ ಯಾಕೆ ನಿಲ್ಲಿಸ್ತೀಯ? ಏನು ಕೇಳಿಸಿಕೊಳ್ತೀಯ?" ಅಂದಳು. ಬುಸು ಬಟ್ಟೆಯನ್ನು ಕೆಳಗಿಟ್ಟಳು. ಮನೆಗಳ ಹಿಂದಿನ ಇಳಿಜಾರಿನಲ್ಲಿ, ಕಲ್ಲಿನ ಸಂದಿಯಲ್ಲಿ ಒಂದು ಸಣ್ಣ ಒರತೆ ಇದೆ. ಅದು ಅವಳಿಗೆ ಹಾಡು ಕೊಟ್ಟು ಎರಡು ವರ್ಷವಾಗಿತ್ತು.

ಆ ವಾರವೇ ಊರು ಸೇರಿತು. ದಿಮ್ಮಿ ತಂದು ಹಾಕಿದರು. ಬುಸು ನಿಂತು ಮೊದಲ ಸಾಲು ಹಾಡಿದಳು. ಇತಾಮಜ್ಜಿ ಉಳಿದ ಹೆಂಗಸರ ಜೊತೆ ನೆಲದ ಮೇಲೆ ಕೂತು, ಎರಡು ಕೈಯಲ್ಲಿ ಎರಡು ಬಿದಿರು ಹಿಡಿದು ಕುಟ್ಟುತ್ತ, ಅದೇ ಸಾಲನ್ನು ಹಿಂದಿನಿಂದ ಹೇಳಿದಳು.